ದೋಸೆ ಹಿಟ್ಟಿನ ಪಕ್ಕ ಏರ್ ಪಿಸ್ತೂಲು: ದೆಹಲಿ ಚಳಿಗೆ ಮುಂಚೆ ಒಂದು ರಿಪೇರಿ

ಮಧ್ಯಾಹ್ನ 29 ಡಿಗ್ರಿಯಲ್ಲಿ ಏರ್ ಪಿಸ್ತೂಲಿನ ಪೆಲೆಟ್ (ಸೀಸದ ಸಣ್ಣ ಗುಂಡು) ವೇಗ ಸೆಕೆಂಡಿಗೆ 137 ಮೀಟರ್. ಬೆಳಗ್ಗೆ ಆರೂವರೆಗೆ, 16 ಡಿಗ್ರಿಯಲ್ಲಿ, 129. ಅದೇ ಪಿಸ್ತೂಲು, ಅದೇ ಡಬ್ಬಿಯ ಪೆಲೆಟ್, ವೇಗ ಅಳೆಯುವ ಕ್ರೋನೋಗ್ರಾಫೂ ಅದೇ. ಚಿತ್ರದುರ್ಗದ ಡಿಸೆಂಬರ್ ಚಳಿಗೇ ಇಷ್ಟು ಇಳಿದರೆ ದೆಹಲಿಯ ಜನವರಿಯಲ್ಲಿ ಏನು ಗತಿ?

ಪಿಸ್ತೂಲು ನಮ್ಮ ಅಕ್ಕನ ಮಗಳದ್ದು. ಪಿಯುಸಿ ಓದುತ್ತಾಳೆ, 10 ಮೀಟರ್ ಏರ್ ಪಿಸ್ತೂಲು ಹೊಡೆಯುತ್ತಾಳೆ. ಜನವರಿಯಲ್ಲಿ ತುಘಲಕಾಬಾದಿನ ಕರ್ಣಿ ಸಿಂಗ್ ರೇಂಜಿನಲ್ಲಿ ಅವಳದ್ದೊಂದು ಮ್ಯಾಚ್ ಇದೆ. 1982ರ ಏಷ್ಯನ್ ಗೇಮ್ಸಿಗೆ ಅಂತ ಕಟ್ಟಿದ ರೇಂಜ್ ಅದು. 10 ಮೀಟರ್ ಆಟ ಹಾಲ್ ಒಳಗೇ ನಡೆಯುತ್ತೆ, ನಿಜ. ಆದರೆ ಪಿಸ್ತೂಲು ರಾತ್ರಿಯೆಲ್ಲ ಲಾಡ್ಜಿನ ತಣ್ಣನೆಯ ರೂಮಿನಲ್ಲಿದ್ದು, ಬೆಳಗ್ಗೆ ಆಟೋದಲ್ಲಿ ಗಾಳಿ ಕುಡಿದು ಬರುವಷ್ಟರಲ್ಲಿ ಅದರ ಉಕ್ಕಿನ ಮೈ ಆರೇಳು ಡಿಗ್ರಿಗೆ ಇಳಿದಿರುತ್ತೆ. ಬೆಳಗಿನ ಮೊದಲ ರಿಲೇ (ಹೊಡೆಯುವ ಸರದಿ) ಬಿದ್ದರೆ ಅದೇ ತಣ್ಣನೆಯ ಪಿಸ್ತೂಲಿನಲ್ಲೇ ಶುರು ಮಾಡಬೇಕು.

ಪಿಸ್ತೂಲು ಹಳೆಯದು, ಎರಡನೇ ಕೈಯದು. ಸಿಂಗಲ್ ಸ್ಟ್ರೋಕ್ ಮಾದರಿ. ನಳಿಗೆಯ ಕೆಳಗೆ ಉದ್ದನೆಯ ಲಿವರ್ ಇದೆ. ಅದನ್ನು ಪೂರ್ತಿ ಮುಂದಕ್ಕೆ ತೆರೆದು ವಾಪಸ್ ಮುಚ್ಚಿದರೆ ಸಿಲಿಂಡರಿನೊಳಗಿನ ಗಾಳಿ ಒತ್ತಡಕ್ಕೆ ಬರುತ್ತೆ. ಒಂದು ಸಲ ಒತ್ತು, ಒಂದು ಸಲ ಹೊಡಿ. ಬೇರೆ ಗಾಳಿ ಸಿಲಿಂಡರ್ ತಂದು ತುಂಬಿಸುವ ರಗಳೆ ಇಲ್ಲ. 4.5 ಮಿ.ಮೀ. ಪೆಲೆಟ್, ಅರ್ಧ ಗ್ರಾಂ ತೂಕ. ಲೆಕ್ಕ ಹಾಕಿದರೆ ಶಕ್ತಿ 5 ಜೂಲ್ ಕೂಡ ಇಲ್ಲ. ನಮ್ಮ 2016ರ ಶಸ್ತ್ರಾಸ್ತ್ರ ನಿಯಮದಲ್ಲಿ 4.5 ಮಿ.ಮೀ. ಮತ್ತು 20 ಜೂಲ್ ಮೀರದ ಏರ್ ಗನ್ನಿಗೆ ಲೈಸೆನ್ಸ್ ಬೇಡ. ಹಾಗಾಗಿ ಮನೆಯ ಬೆಂಚಿನ ಮೇಲೆ ನಾನು ಬಿಚ್ಚಿ ಕೂರಬಹುದು. ಲೈಸೆನ್ಸ್ ಪಿಸ್ತೂಲಾಗಿದ್ದರೆ ಸ್ಕ್ರೂಡ್ರೈವರ್ ಮುಟ್ಟುತ್ತಲೇ ಇರಲಿಲ್ಲ.

"ಇಷ್ಟು ತಲೆನೋವು ಯಾಕೆ ಮಾಮ, ಗ್ಯಾಸಿನ ಪಿಸ್ತೂಲು ತಗೊಂಡ್ರೆ ಆಯ್ತಲ್ವಾ?" ಅಂತ ಕೇಳಿದಳು. ಚಳಿಗೆ ಅದು ಇನ್ನೂ ಕೆಟ್ಟದ್ದು. ಅದರ ಗ್ಯಾಸ್ ಸಿಒ2, ಅಂದರೆ ಕಾರ್ಬನ್ ಡೈಆಕ್ಸೈಡ್, ಡಬ್ಬಿಯೊಳಗೆ ದ್ರವವಾಗಿ ಇರುತ್ತೆ, ಅದರ ಒತ್ತಡ ಪೂರ್ತಿ ಉಷ್ಣಾಂಶದ ಕೈಲಿ. 20 ಡಿಗ್ರಿಯಲ್ಲಿ ಸುಮಾರು 57 ಬಾರ್ (ಒತ್ತಡದ ಅಳತೆ) ಇದ್ದದ್ದು ಸೊನ್ನೆ ಡಿಗ್ರಿಗೆ 35ಕ್ಕೆ ಇಳಿಯುತ್ತೆ. ಸಾಲದ್ದಕ್ಕೆ ಬೇಗ ಬೇಗ ಹೊಡೆದರೆ ಆವಿಯಾಗುವ ಗ್ಯಾಸ್ ತನ್ನನ್ನು ತಾನೇ ತಣ್ಣಗೆ ಮಾಡಿಕೊಳ್ಳುತ್ತೆ. ಲಿವರಿನ ಪಿಸ್ತೂಲಿಗೆ ಆ ಕಾಟ ಇಲ್ಲ. ಅದು ಚಳಿಯಲ್ಲಿ ಸೋತರೆ ಗಾಳಿ ತಡೆಯುವ ರಬ್ಬರ್ ಸೀಲ್ ಇಲ್ಲವೇ ಗ್ರೀಸ್ ಮೇಲೆ ಅನುಮಾನ ಪಡಬೇಕು.

ಬಿಚ್ಚುವ ಮೊದಲು ದೆಹಲಿಯ ಚಳಿ ನಮ್ಮ ಮನೆಗೇ ಬರಬೇಕಿತ್ತು. ಊರ ಪಕ್ಕದ ಜೋಗಿಮಟ್ಟಿ ಬೆಟ್ಟದ ಮೇಲೆ ಬೆಳಗ್ಗೆ ಹೋದರೂ ಐದು ಡಿಗ್ರಿ ಸಿಗುವುದಿಲ್ಲ. ಫ್ರಿಜ್ ಇದೆಯಲ್ಲ! ಪಿಸ್ತೂಲನ್ನು ಖಾಲಿ ಅಂತ ನೋಡಿ, ಜಿಪ್ ಕವರಿಗೆ ಹಾಕಿ, ಗಾಳಿ ಹಿಂಡಿ ತೆಗೆದು, ಅದನ್ನು ಮುಚ್ಚಳದ ಪ್ಲಾಸ್ಟಿಕ್ ಡಬ್ಬಿಯಲ್ಲಿಟ್ಟು ರಾತ್ರಿ ಒಳಗೆ ತಳ್ಳಿದೆ. ಡಬ್ಬಿ ಯಾಕೆಂದರೆ ಪೆಲೆಟ್ ಸೀಸದ್ದು, ನಳಿಗೆಯ ಮಸಿ ತಿನ್ನೋ ಪದಾರ್ಥದ ಹತ್ತಿರ ಸುಳಿಯಬಾರದು. ನನ್ನ ಹೆಂಡತಿ ಬೆಳಗ್ಗೆ ಬಾಗಿಲು ತೆಗೆದವಳು, "ಏನ್ರೀ ಇದು, ದೋಸೆ ಹಿಟ್ಟಿನ ಪಕ್ಕ ಪಿಸ್ತೂಲಾ?" ಅಂದಳು. ಕೆಳಗಿನ ತರಕಾರಿ ಟ್ರೇ ನನಗೆ ಬಿಟ್ಟುಕೊಡುವ ಒಪ್ಪಂದ ಆಯಿತು. ಟೊಮೆಟೊ ಹೊರಗೆ ಬಂತು.

ಫ್ರಿಜ್‌ನಿಂದ ತೆಗೆದು ತಕ್ಷಣ ಹೊಡೆದಾಗ ಸರಾಸರಿ 117. ಅದಕ್ಕಿಂತ ಜಾಸ್ತಿ ಚಿಂತೆಗಿಟ್ಟುಕೊಂಡದ್ದು ಏರಿಳಿತ. ಒಂದು ಹೊಡೆತ 122, ಮುಂದಿನದು 111.

ಇದನ್ನು ಟಾರ್ಗೆಟ್ಟಿನ ಭಾಷೆಯಲ್ಲಿ ನೋಡೋಣ. ಏರ್ ಪಿಸ್ತೂಲಿನ ಟಾರ್ಗೆಟ್‌ನಲ್ಲಿ ಹತ್ತರ ವೃತ್ತ 11.5 ಮಿ.ಮೀ. ಅಗಲ. ಅಲ್ಲಿಂದ ಹೊರಗೆ ಒಂದೊಂದು ರಿಂಗಿಗೂ 8 ಮಿ.ಮೀ. 137ರಲ್ಲಿ ಹೊರಟ ಪೆಲೆಟ್ 10 ಮೀಟರ್ ದಾಟುವಷ್ಟರಲ್ಲಿ ಸುಮಾರು 28 ಮಿ.ಮೀ. ಕೆಳಗೆ ಬೀಳುತ್ತೆ. 117ರದ್ದು 39ರ ಹತ್ತಿರ. ಅಂದರೆ ಒಂದು ರಿಂಗಿಗೂ ಮೇಲೆ ವ್ಯತ್ಯಾಸ. ಆದರೆ ಇದು ದೊಡ್ಡ ವಿಷಯ ಅಲ್ಲ. ಸೈಟ್ (ಗುರಿ ನೋಡುವ ಭಾಗ) ಸ್ಕ್ರೂ ಕೆಲವು ಕ್ಲಿಕ್ ತಿರುಗಿಸಿದರೆ ಸರಿಹೋಗುತ್ತೆ. 122 ಮತ್ತು 111ರ ನಡುವಿನ ಏಳೆಂಟು ಮಿ.ಮೀ. ಇದೆಯಲ್ಲ, ಅದಕ್ಕೆ ಯಾವ ಸೈಟೂ ಮದ್ದಲ್ಲ. ಹುಡುಗಿ ಸರಿಯಾಗಿ ಹತ್ತಕ್ಕೆ ಗುರಿ ಇಟ್ಟು ಸರಿಯಾಗಿ ಬಿಟ್ಟಿರುತ್ತಾಳೆ, ಬಿದ್ದಿರುವುದು ಒಂಬತ್ತು. ಅವಳು ತನ್ನ ಕೈ ಮೇಲೆ ಅನುಮಾನ ಪಡುತ್ತಾಳೆ. ನನಗೆ ಬೇಕಿದ್ದದ್ದು ವೇಗ ಅಲ್ಲ. 130 ಬಂದರೂ ಸಾಕು, ಪ್ರತಿ ಸಲ 130 ಬರಬೇಕು.

ಗಾಳಿ ಎಲ್ಲಿ ಸೋರುತ್ತಿದೆ ಅಂತ ಬಿಚ್ಚದೆಯೇ ಅರ್ಧ ತಿಳಿಯಬಹುದು. ಲಿವರ್ ಮುಚ್ಚಿದ ತಕ್ಷಣ ಹೊಡೆದು ವೇಗ ನೋಡಿ. ಆಮೇಲೆ ಮುಚ್ಚಿ, ಒಂದು ನಿಮಿಷ ಸುಮ್ನೆ ಇಟ್ಟು ಹೊಡೆಯಿರಿ. ವೇಗ ಬಿದ್ದರೆ ಹಿಂದಿನ ವಾಲ್ವ್ ಸೋರುತ್ತಿರಬಹುದು. ನಮ್ಮದರಲ್ಲಿ ಬೀಳಲಿಲ್ಲ. ಎರಡನೆಯದು, ಲಿವರನ್ನು ಜೋರಾಗಿ ಮುಚ್ಚಿ ಹೊಡೆಯಿರಿ, ಆಮೇಲೆ ನಿಧಾನ ಮುಚ್ಚಿ ಹೊಡೆಯಿರಿ. ನಿಧಾನ ಮುಚ್ಚಿದಾಗ ಕಮ್ಮಿ ಬಂದರೆ ಒತ್ತುವಾಗಲೇ ಪಿಸ್ಟನ್ ಪಕ್ಕದಿಂದ ಗಾಳಿ ನುಸುಳುತ್ತಿದೆ ಅಂತ ಅರ್ಥ. ತಣ್ಣಗಿದ್ದಾಗ ನಮ್ಮದು ಇಲ್ಲೇ ಸಿಕ್ಕಿಬಿತ್ತು. ನಳಿಗೆಯಲ್ಲಿ ಪೆಲೆಟ್ ಇಡುವ ಬಾಯಿಯ ಓ-ರಿಂಗಿಗೆ (ರಬ್ಬರ್ ಉಂಗುರ) ಸೋಪಿನ ನೀರನ್ನು ಸಣ್ಣ ಬ್ರಷ್ಷಿನಲ್ಲಿ ಸವರಿ, ಹೊಡೆದು ನೋಡಿದೆ. ಗುಳ್ಳೆ ಬರಲಿಲ್ಲ. ಆದರೂ ಅದನ್ನು ಬದಲಾಯಿಸಿದೆ, ಐದು ರೂಪಾಯಿಯ ಮಾಲು.

ಅಂದಹಾಗೆ, ಬೆಳಕಿನ ಸೆನ್ಸರ್ ಇರುವ ಕ್ರೋನೋಗ್ರಾಫನ್ನು ಟ್ಯೂಬ್‌ಲೈಟ್ ಕೆಳಗೆ ಇಡಬೇಡಿ. ಬೆಳಕಿನ ಮಿಣುಕನ್ನೇ ಪೆಲೆಟ್ ಅಂದುಕೊಂಡು ಏನೇನೋ ಅಂಕಿ ತೋರಿಸುತ್ತೆ. ನಾನು ಹೊಡೆಯುವುದು ಪಡಸಾಲೆಯಿಂದ ಹಿತ್ತಿಲ ಗೋಡೆಯ ಕಡೆಗೆ. ಕೊನೆಗೆ ಮರದ ಪೆಟ್ಟಿಗೆ, ಅದರೊಳಗೆ ಓರೆಯಾಗಿ ಉಕ್ಕಿನ ತಗಡು, ಮುಂದೆ ಲಾರಿಯ ಹಳೇ ಮಡ್‌ಫ್ಲಾಪ್. ಹಿತ್ತಿಲ ಬಾಗಿಲಿಗೆ ಚಿಲಕ ಹಾಕದೆ ಲಿವರ್ ಮುಟ್ಟುವುದಿಲ್ಲ.

ಲಿವರಿನ ಪಿನ್ನನ್ನು ಹಿತ್ತಾಳೆ ಕಡ್ಡಿಯಿಂದ ತಟ್ಟಿ ತೆಗೆದರೆ ಪಿಸ್ಟನ್ ಮುಂದಕ್ಕೆ ಜಾರಿ ಬರುತ್ತೆ. ಬಂದದ್ದು ನೋಡಿದರೆ ಕಥೆ ಗೊತ್ತಾಯಿತು. ಯಾರೋ ಹಿಂದಿನ ಮಾಲೀಕರು ಟ್ರ್ಯಾಕ್ಟರಿಗೆ ಹಾಕುವಂಥ ಗ್ರೀಸ್ ಧಾರಾಳವಾಗಿ ತುಂಬಿದ್ದಾರೆ. ಅದು ಕಂದು ಬಣ್ಣಕ್ಕೆ ತಿರುಗಿ, ಆರಿದ ಬೆಲ್ಲದ ಪಾಕದಂತೆ ಎಳೆ ಎಳೆಯಾಗಿ ಬರುತ್ತಿತ್ತು. ಸೀಲಿನ ಅಂಚನ್ನು ಉಗುರಿನಿಂದ ಒತ್ತಿದೆ. ಹೊಸ ರಬ್ಬರ್ ಉಗುರು ತೆಗೆದ ಕೂಡಲೇ ವಾಪಸ್ ಏಳಬೇಕು. ಇದರಲ್ಲಿ ಉಗುರಿನ ಗುರುತು ಹಾಗೇ ಉಳಿಯಿತು. ಅಂಚಿನ ಒಂದು ಕಡೆ ಹೊಳೆಯುವ ಚಪ್ಪಟೆ ಪಟ್ಟಿ, ಇನ್ನೊಂದು ಕಡೆ ಕೂದಲಿನಷ್ಟು ಸಣ್ಣ ಬಿರುಕು. ಬೆಚ್ಚಗಿರುವಾಗ ಹೇಗೋ ಸಿಲಿಂಡರಿಗೆ ಒತ್ತಿಕೊಳ್ಳುತ್ತಿತ್ತು. ತಣ್ಣಗಾದರೆ ಒಂದಿಷ್ಟು ಕುಗ್ಗಿ ಇನ್ನಷ್ಟು ಬಿರುಸಾಗುತ್ತಿತ್ತು, ಗಾಳಿಗೆ ದಾರಿ ಬಿಡುತ್ತಿತ್ತು. ಒಳ್ಳೆಯ ನೈಟ್ರೈಲ್ ರಬ್ಬರಿಗೆ ಐದು ಡಿಗ್ರಿ ಲೆಕ್ಕಕ್ಕೇ ಇಲ್ಲ. ಸೋತದ್ದು ವಯಸ್ಸಾದ ರಬ್ಬರು.

ಈ ಮಾದರಿಗೆ ಅಸಲಿ ಸೀಲ್ ಹೊರಗಿನಿಂದ ಬರುವಷ್ಟರಲ್ಲಿ ಮ್ಯಾಚ್ ಮುಗಿದು ಯುಗಾದಿ ಬಂದಿರುತ್ತೆ. ದಾವಣಗೆರೆಗೆ ಹೋದೆ. ಜೆಸಿಬಿ, ಟ್ರ್ಯಾಕ್ಟರುಗಳ ಹೈಡ್ರಾಲಿಕ್ ಸೀಲ್ ಮಾರುವ ಅಂಗಡಿಯಲ್ಲಿ ಹಳೇ ಸೀಲ್ ಕೌಂಟರ್ ಮೇಲಿಟ್ಟೆ. ಅಂಗಡಿಯವರು ವರ್ನಿಯರ್ ಹಿಡಿದು ಒಳವ್ಯಾಸ ಹೊರವ್ಯಾಸ ನೋಡಿ, "ಯಾವ ಗಾಡೀದು ಸಾರ್ ಇದು, ಇಷ್ಟು ಸಣ್ಣದು?" ಅಂದರು. ಪಂಪಿಂದು ಅಂದೆ, ಸುಳ್ಳೇನಲ್ಲ. ಹಸಿರು ಬಣ್ಣದ ಪಾಲಿಯುರೆಥೇನ್ ಯು-ಸೀಲ್ ಕೊಟ್ಟರು. ವ್ಯಾಸ ಸರಿಹೊಂದಿತು, ದಪ್ಪ ಕಮ್ಮಿ. ದಾವಣಗೆರೆಗೆ ಹೋಗಿ ಬೆಣ್ಣೆ ದೋಸೆ ತಿನ್ನದೆ ಬಂದೆ ಅಂದರೆ ಯಾರೂ ನಂಬುವುದಿಲ್ಲ, ಆದ್ದರಿಂದ ಆ ವಿಷಯ ಬಿಡಿ.

ಹೈಡ್ರಾಲಿಕ್ ಸೀಲನ್ನು ಹಾಗೇ ತುರುಕಿದರೆ ಕೆಲಸ ಆಗಲ್ಲ. ಯು-ಸೀಲಿನ ಮುಖದಲ್ಲಿ ಸುತ್ತಲೂ ಒಂದು ಕಾಲುವೆ ಇರುತ್ತೆ. ಕಾಲುವೆಯ ಬಾಯಿ ಒತ್ತಡದ ಕಡೆಗೇ ಇರಬೇಕು. ಆಗ ಗಾಳಿ ಒಳಗೆ ನುಗ್ಗಿ ಕಾಲುವೆಯ ಎರಡೂ ಅಂಚಿನ ತುಟಿಗಳನ್ನು ಅಗಲಿಸಿ ಗೋಡೆಗೆ ಒತ್ತುತ್ತೆ. ಎಣ್ಣೆಯ ಸಿಲಿಂಡರಿನಲ್ಲಿ ಇದು ಚೆಂದ. ಎಣ್ಣೆ ಕುಗ್ಗುವುದಿಲ್ಲ, ಕಾಲುವೆಯಲ್ಲಿ ಎಷ್ಟು ತುಂಬಿದರೂ ನಷ್ಟ ಇಲ್ಲ. ನಮ್ಮದು ಗಾಳಿ. ಸಿಂಗಲ್ ಸ್ಟ್ರೋಕ್ ಪಿಸ್ತೂಲಿನಲ್ಲಿ ಪಿಸ್ಟನ್ ಕೊನೆಗೆ ಸಿಲಿಂಡರಿನ ತಲೆಗೆ ಹೆಚ್ಚೂಕಮ್ಮಿ ತಾಗಿ ನಿಲ್ಲಬೇಕು. ಅಲ್ಲಿ ಎಷ್ಟು ಖಾಲಿ ಜಾಗ ಉಳಿಯುತ್ತೋ ಅಷ್ಟು ಒತ್ತಡ ಹೋಯಿತು. ಆ ಕಾಲುವೆಯೇ ಒಂದು ಖಾಲಿ ಜಾಗ.

ಅದಕ್ಕೆ ಕಾಲುವೆಯೊಳಗೆ ಒಂದು ಓ-ರಿಂಗ್ ಕೂರಿಸಿದೆ. ನೈಟ್ರೈಲ್, 70 ಶೋರ್ (ರಬ್ಬರಿನ ಗಡಸುತನದ ಅಳತೆ), ಸ್ವಲ್ಪ ಮೆತ್ತಗಿನದು. ಇದರಿಂದ ಎರಡು ಲಾಭ. ಜಾಗ ತುಂಬುತ್ತೆ. ಜೊತೆಗೆ ಓ-ರಿಂಗ್ ಸ್ಪ್ರಿಂಗಿನ ಹಾಗೆ ಒಳಗಿನಿಂದ ತುಟಿಗಳನ್ನು ಸದಾ ತಳ್ಳುತ್ತಿರುತ್ತೆ. ಪಾಲಿಯುರೆಥೇನ್ ಸವೆತಕ್ಕೆ ಗಟ್ಟಿ, ಆದರೆ ಚಳಿಗೆ ಬಿರುಸಾಗುತ್ತೆ. ಒತ್ತಡ ಇನ್ನೂ ಏರಿರದ ಮೊದಲ ಒಂದೆರಡು ಇಂಚಿನಲ್ಲಿ ತುಟಿ ಗೋಡೆಗೆ ತಾಗಿರುವುದಿಲ್ಲ, ಆಗ ಗಾಳಿ ನುಸುಳುತ್ತೆ. ಆ ಹೊತ್ತಿನಲ್ಲಿ ಓ-ರಿಂಗ್ ಕೆಲಸಕ್ಕೆ ಬರುತ್ತೆ. ಇದು ನಾನು ಕಂಡುಹಿಡಿದದ್ದೇನಲ್ಲ, ಒಳಗೇ ಓ-ರಿಂಗ್ ಇರುವ ಯು-ಸೀಲ್‌ಗಳು ಹೈಡ್ರಾಲಿಕ್ ಅಂಗಡಿಗಳಲ್ಲಿ ಸಿಗುತ್ತವೆ. ನನ್ನ ಅಳತೆಯಲ್ಲಿ ಇರಲಿಲ್ಲ, ಅಷ್ಟೇ.

ದಪ್ಪ ಕಮ್ಮಿಯಾದದ್ದಕ್ಕೆ ಚಿತ್ರದುರ್ಗದ ಬಿ.ಡಿ. ರಸ್ತೆಯ ಕಡೆ ಒಂದು ಲೇತ್ ಶಾಪಿನಲ್ಲಿ ಡೆಲ್ರಿನ್ ಅನ್ನುವ ಗಟ್ಟಿ ಪ್ಲಾಸ್ಟಿಕ್ಕಿನ ಬಳೆ ಕಡೆಸಿದೆ. ಅಲ್ಲಿನ ಮೇಸ್ತ್ರಿ ಬೋರ್‌ವೆಲ್ ಪಂಪಿನ ಬುಶ್ ಮಾಡುವವರು. "ಎಷ್ಟು ಬಿಗಿ ಬೇಕು, ಪಾಯಿಂಟ್ ಹೇಳಿ" ಅಂದರು. ಕೈಯಿಂದ ತಿರುಗಬೇಕು, ಅಲುಗಾಡಬಾರದು ಅಂದೆ. ಅಷ್ಟೇ ಸಾಕಾಯಿತು ಅವರಿಗೆ. ಪಿಸ್ಟನ್ ತಲೆಯ ಕೆಳಗೆ 0.3 ಮಿ.ಮೀ. ಹಿತ್ತಾಳೆ ಶಿಮ್ (ತೆಳು ತಗಡು) ಹಾಕಿ ಲಿವರ್ ಮುಚ್ಚಿ ನೋಡಿದೆ. ಪೂರ್ತಿ ಮುಚ್ಚುವ ಮೊದಲು ತಲೆ ತಾಗಿ ಲಿವರ್ ನಿಂತಿತು. 0.2ಕ್ಕೆ ಇಳಿಸಿದ ಮೇಲೆ, ಕೊನೆಗೆ ಅಂಗೈಯ ಒತ್ತು ಕೊಟ್ಟಾಗ ಟಕ್ ಅಂತ ಕೂತಿತು. ಇದನ್ನು ಬಲವಂತ ಮಾಡಬಾರದು. ಲಿವರಿನ ಪಿನ್ ಬಾಗಿದರೆ ಹೊಸದೊಂದು ಕಥೆ ಶುರು.

ತೊಳೆಯುವುದಕ್ಕೆ ಐಸೊಪ್ರೊಪೈಲ್ ಆಲ್ಕೋಹಾಲ್. ಮೊಬೈಲ್ ರಿಪೇರಿಯವರು ಐಪಿಎ ಅಂತ ಕರೆಯುತ್ತಾರೆ, ಅವರ ಹತ್ತಿರವೇ ಸಿಗುತ್ತೆ. ಸಿಲಿಂಡರ್ ಒಳಗೆ ಬಿಳಿ ಬನಿಯನ್ ಬಟ್ಟೆ ಬೆಳ್ಳಗೆ ಬರುವ ತನಕ ಒರೆಸಿದೆ. ಹಚ್ಚುವುದಕ್ಕೆ ಸಿಲಿಕೋನ್. ಉಷ್ಣಾಂಶ ಇಳಿದರೂ ಅದು ಬೇರೆ ಎಣ್ಣೆಗಳಷ್ಟು ಗಟ್ಟಿಯಾಗುವುದಿಲ್ಲ, ನೈಟ್ರೈಲ್ ರಬ್ಬರಿಗೂ ತೊಂದರೆ ಕೊಡಲ್ಲ. ದುಬಾರಿ ಟ್ಯೂಬ್ ಬೇಕಿಲ್ಲ. ಆರ್‌ಓ ಫಿಲ್ಟರ್ ರಿಪೇರಿಯವರು ಓ-ರಿಂಗಿಗೆ ಹಚ್ಚುವ ಸಿಲಿಕೋನ್ ಗ್ರೀಸ್ ಇಟ್ಟಿರುತ್ತಾರೆ. ಟ್ರೆಡ್‌ಮಿಲ್ಲಿಗೆ ಹಾಕುವುದೂ ಸಾಮಾನ್ಯವಾಗಿ ಸಿಲಿಕೋನ್ ಎಣ್ಣೆಯೇ. ಸೀಲಿಗೆ ತೆಳುವಾಗಿ ಸವರಿದರೆ ಸಾಕು, ಬೆರಳಿಗೆ ಜಿಡ್ಡು ತಾಗಬೇಕು, ಕಣ್ಣಿಗೆ ಕಾಣಬಾರದು. ಆದರೆ ಉಕ್ಕಿನ ಮೇಲೆ ಉಕ್ಕು ಉಜ್ಜುವ ಜಾಗಕ್ಕೆ ಸಿಲಿಕೋನ್ ಬರಕತ್ತಿಲ್ಲ. ಟ್ರಿಗರ್ ಕೊಕ್ಕೆಗೆ ಬೆಂಕಿಕಡ್ಡಿಯ ತುದಿಯಲ್ಲಿ ಒಂದು ಚುಕ್ಕೆ ಮೋಲಿ (ಮಾಲಿಬ್ಡಿನಂ ಬೆರೆಸಿದ) ಗ್ರೀಸ್ ಇಟ್ಟೆ.

ಹೊಸ ಸೀಲ್ ಹಾಕಿ ಹೊಡೆದರೆ ಮಧ್ಯಾಹ್ನ 139. ಬೆಳಗ್ಗೆ 138. ಫ್ರಿಜ್‌ನಿಂದ ತೆಗೆದದ್ದು ಮಾತ್ರ 133, 127, 134, 126. ವೇಗ ಏರಿತು, ಏರಿಳಿತ ಪೂರ್ತಿ ಹೋಗಲಿಲ್ಲ. ಈಗ ಗಾಳಿ ಸೋರುತ್ತಿಲ್ಲ, ನಿಧಾನ ಮುಚ್ಚಿದರೂ ಜೋರಾಗಿ ಮುಚ್ಚಿದರೂ ವ್ಯತ್ಯಾಸ ಇಲ್ಲ. ಮತ್ತೇನು?

ಉತ್ತರ ಮಿನಿಯಾಪೊಲಿಸ್‌ನಿಂದ ಬಂತು. ನಮ್ಮ ಚಿಕ್ಕಪ್ಪನ ಮಗ ಅಲ್ಲಿದ್ದಾನೆ. ಪ್ರಾಕ್ಟಿಕಲ್ ಪಿಸ್ತೂಲ್ ಅನ್ನುವ ಆಟದ ಹುಚ್ಚು. ನಮ್ಮ ಹುಡುಗಿಯ ಹಾಗೆ ನಿಂತಲ್ಲೇ ನಿಂತು ಹೊಡೆಯುವ ಆಟ ಅಲ್ಲ ಅದು. ಓಡಬೇಕು, ಮರೆಯಿಂದ ಹೊಡೆಯಬೇಕು, ಮ್ಯಾಗಜಿನ್ ಬದಲಿಸಬೇಕು. ಗಳಿಸಿದ ಅಂಕವನ್ನು ತೆಗೆದುಕೊಂಡ ಸೆಕೆಂಡಿನಿಂದ ಭಾಗಿಸುತ್ತಾರೆ. ಆ ಆಟದ ಅಂತರರಾಷ್ಟ್ರೀಯ ಸಂಸ್ಥೆ ಐಪಿಎಸ್‌ಸಿ ಹುಟ್ಟಿದ್ದು 1976ರಲ್ಲಿ, ಅಮೆರಿಕದ ಕೊಲಂಬಿಯಾ ಊರಿನಲ್ಲಿ. ಜೆಫ್ ಕೂಪರ್ ಮೊದಲ ಅಧ್ಯಕ್ಷ. ಮಿನಿಯಾಪೊಲಿಸ್‌ನಲ್ಲಿ ಚಳಿಗಾಲಕ್ಕೆ ಮೈನಸ್ 20 ಅಪರೂಪ ಅಲ್ಲ. ನನ್ನ ಐದು ಡಿಗ್ರಿ ಕೇಳಿ ನಕ್ಕ. "ಅಣ್ಣಾ, ನಮ್ಗೆ ಅದು ಸ್ವೆಟರ್ ತೆಗೆಯೋ ಹವಾ" ಅಂದ. ಆಮೇಲೆ ಕೇಳಿದ, "ಹ್ಯಾಮರ್ ಬಿಚ್ಚಿದ್ಯಾ?"

ಅವನ ಆಟದಲ್ಲಿ ಚಳಿ ಮೊದಲು ಹಿಡಿಯುವುದು ಫೈರಿಂಗ್ ಪಿನ್ (ಗುಂಡಿನ ಹಿಂಬದಿಗೆ ಬಡಿಯುವ ಮೊಳೆ) ಓಡಾಡುವ ತೂತನ್ನಂತೆ. ಅಲ್ಲಿ ಎಣ್ಣೆ ಇದ್ದರೆ ಗಟ್ಟಿಯಾಗಿ ಪಿನ್ ಓಟ ನಿಧಾನ ಆಗುತ್ತೆ, ಪೆಟ್ಟು ಹಗುರಾಗಿ ಬಿದ್ದು ಗುಂಡು ಹಾರದೇ ಉಳಿಯುತ್ತೆ. ಹಾಗಾಗಿ ಆ ತೂತನ್ನು ಒಣಗಿಸಿಯೇ ಇಡುತ್ತಾರೆ. ಪಿಸ್ತೂಲಿನ ಮೇಲೆ ಹಿಂದೆ ಮುಂದೆ ಸರಿಯುವ ಸ್ಲೈಡಿನ ಹಳಿಗೂ ದಪ್ಪ ಗ್ರೀಸ್ ತೆಗೆದು ತೆಳುವಾದ ಸಿಂಥೆಟಿಕ್ ಎಣ್ಣೆ ಹಾಕುತ್ತಾರೆ. ಕಾರಿನ 0ಡಬ್ಲ್ಯೂ-20 ಎಂಜಿನ್ ಎಣ್ಣೆಯನ್ನೇ ಹಾಕುವವರೂ ಇದ್ದಾರೆ. ನಮ್ಮ ಬೈಕಿನ 20ಡಬ್ಲ್ಯೂ-40 ಅಂಥ ಚಳಿಯಲ್ಲಿ ಹರಿಯಲು ಒದ್ದಾಡುತ್ತೆ. ಇನ್ನೊಂದು ಮಾತು ಹೇಳಿದ, ಅದು ನನಗೆ ತುಂಬಾ ಹಿಡಿಸಿತು. ಆ ಆಟದಲ್ಲಿ ಗುಂಡಿಗೆ ಕನಿಷ್ಠ ಬಲ ಇರಬೇಕು. ಗುಂಡಿನ ತೂಕವನ್ನು ಗ್ರೇನ್ ಅನ್ನುವ ಸಣ್ಣ ಅಳತೆಯಲ್ಲಿ ಹಿಡಿದು, ಸೆಕೆಂಡಿಗೆ ಎಷ್ಟು ಅಡಿ ವೇಗ ಅನ್ನುವುದರಿಂದ ಗುಣಿಸಿ ಸಾವಿರದಿಂದ ಭಾಗಿಸಿದರೆ 125 ಬರಬೇಕು. 115 ಗ್ರೇನ್, 1100 ಅಡಿ ಅಂದರೆ 126.5, ಪಾಸು. ಕೆಲವು ಮದ್ದುಗಳು ಚಳಿಗೆ ನಿಧಾನ ಉರಿಯುತ್ತವೆ. 20 ಅಡಿ ಇಳಿದರೂ ಸಾಕು, 124.2. ಆಗ ಹೊಡೆಯಬಹುದು, ಅಂಕ ಇಲ್ಲ. ಬೇಸಿಗೆಯಲ್ಲಿ ಅಳೆದು ನೆಮ್ಮದಿಯಾಗಿದ್ದವರು ಜನವರಿಯಲ್ಲಿ ಅಳತೆಯ ಟೇಬಲ್ಲಿನ ಮುಂದೆ ಪೆಚ್ಚಾಗುತ್ತಾರಂತೆ.

ನಮ್ಮ ಪಿಸ್ತೂಲಿನಲ್ಲೂ ಒಂದು ಹ್ಯಾಮರ್ ಇದೆ. ಟ್ರಿಗರ್ ಎಳೆದಾಗ ಅದು ಹೋಗಿ ವಾಲ್ವಿಗೆ ಬಡಿದು ಗಾಳಿ ಬಿಡುತ್ತೆ. ಅದರ ಮನೆಯ ಮುಚ್ಚಳ ತೆಗೆದರೆ ಅಲ್ಲೂ ಅದೇ ಕಂದು ಗ್ರೀಸ್. ಬೆಚ್ಚಗಿದ್ದಾಗ ಜಾರುತ್ತೆ. ತಣ್ಣಗಾದರೆ ಒಂದು ಸಲ ಹಿಡಿಯುತ್ತೆ, ಒಂದು ಸಲ ಬಿಡುತ್ತೆ. ವಾಲ್ವ್ ಒಂದು ಸಲ ಚೆನ್ನಾಗಿ ತೆರೆಯುತ್ತೆ, ಇನ್ನೊಂದು ಸಲ ಅರೆಮನಸ್ಸಿನಲ್ಲಿ. ಐಪಿಎಯಲ್ಲಿ ತೊಳೆದು, ಒರೆಸಿ, ಹೊಲಿಗೆ ಯಂತ್ರದ ಎಣ್ಣೆಯ ಒಂದೇ ಹನಿಯನ್ನು ಬಟ್ಟೆಗೆ ಹಾಕಿ ಅದರಿಂದ ಒರೆಸಿದೆ. ಅಷ್ಟೇ. ಮತ್ತೆ ಫ್ರಿಜ್ ವಾಸ. ಬೆಳಗ್ಗೆ 135, 136, 135, 134, 135. ಈ ಸಾಲು ಓದಿ ಹೇಳಿದಾಗ ಅಕ್ಕನ ಮಗಳು ಏನೂ ಅನ್ನಲಿಲ್ಲ, ಪಿಸ್ತೂಲು ಕಿತ್ತುಕೊಂಡು ಪಡಸಾಲೆಗೆ ಹೋದಳು.

ಫ್ರಿಜ್‌ನಿಂದ ತೆಗೆಯುವುದರಲ್ಲೂ ಒಂದು ಕ್ರಮ ಇದೆ. ಹೊಡೆಯುವುದು ಮುಗಿದ ತಕ್ಷಣ ನೋಡಿದರೆ ಪಿಸ್ತೂಲಿನ ಮೈಮೇಲೆ ಇಬ್ಬನಿ ಕೂತಿರುತ್ತೆ. ಕಾಣುವ ಜಾಗ ಒರೆಸಬಹುದು, ನಳಿಗೆಯೊಳಗೆ, ಸ್ಕ್ರೂ ಸಂದಿಯಲ್ಲಿ ಕೂತದ್ದು ತುಕ್ಕಾಗುತ್ತೆ. ಪರೀಕ್ಷೆ ಇಲ್ಲದ ದಿನ ಕವರಿನ ಸಮೇತ ಹೊರಗಿಟ್ಟು, ಕೋಣೆಯ ಬಿಸಿಗೆ ಬರುವ ತನಕ ಕವರ್ ತೆಗೆಯಬಾರದು. ಆಗ ನೀರು ಕವರಿನ ಹೊರಗೆ ಕೂರುತ್ತೆ. ದೆಹಲಿಯಲ್ಲೂ ಇದೇ. ಲಾಡ್ಜಿನಲ್ಲಿ ಹೀಟರ್ ಹಾಕಿದರೆ ಪಿಸ್ತೂಲನ್ನು ಪೆಟ್ಟಿಗೆಯಲ್ಲೇ ಬಿಡು, ಹೊರಗೆ ಒಳಗೆ ಅಂತ ಆಡಿಸಬೇಡ ಅಂದಿದ್ದೇನೆ. ಚಿಕ್ಕಪ್ಪನ ಮಗ ಪ್ರತಿ ಸಲ ಮನೆಗೆ ಬಂದ ಮೇಲೆ ಪೂರ್ತಿ ಬಿಚ್ಚಿ ಒರೆಸುತ್ತಾನಂತೆ.

ಟ್ರಿಗರ್ ತೂಕ ಕೊನೆಗೆ ನೋಡಿದೆ. ನಿಯಮದಲ್ಲಿ 500 ಗ್ರಾಂಗೆ ಕಮ್ಮಿ ಇರಬಾರದು. ಕಿರಾಣಿ ಅಂಗಡಿಯಿಂದ ಸರ್ಕಾರಿ ಮುದ್ರೆ ಇರುವ ಅರ್ಧ ಕೆ.ಜಿ. ತೂಕದ ಕಲ್ಲು ಸಾಲ ತಂದು, ತಂತಿಯ ಕೊಕ್ಕೆ ಕಟ್ಟಿ, ಗಾಳಿ ತುಂಬಿದ ಪಿಸ್ತೂಲಿನ ನಳಿಗೆಯನ್ನು ನೇರ ಮೇಲಕ್ಕೆ ಹಿಡಿದು ಟ್ರಿಗರಿನಿಂದ ಎತ್ತಿದೆ. ಒಳಗೆ ಪೆಲೆಟ್ ಇಲ್ಲ. ಟ್ರಿಗರ್ ಬಿಟ್ಟುಕೊಡದೆ ಕಲ್ಲು ಮೇಲೆದ್ದರೆ ಪಾಸು. ಬೆಚ್ಚಗಿದ್ದಾಗ ಎತ್ತಿತು. ತಣ್ಣಗಿದ್ದಾಗಲೂ ಎತ್ತಿತು. ಆದರೆ ಕಲ್ಲಿನ ಮೇಲೆ ಎರಡು ರೂಪಾಯಿ ನಾಣ್ಯ ಅಂಟಿಸಿದರೆ ಬಿಟ್ಟುಕೊಡುತ್ತಿತ್ತು. ಅಷ್ಟು ಅಂಚಿನಲ್ಲಿದ್ದರೆ ಪರಿಶೀಲನೆಯ ಟೇಬಲ್ಲಿನಲ್ಲಿ ಎದೆ ಢವಢವ. ಸ್ಕ್ರೂ ಕಾಲು ಸುತ್ತು ಬಿಗಿ ಮಾಡಿ ಸ್ವಲ್ಪ ಮೇಲಕ್ಕೆ ಇಟ್ಟಿದ್ದೇನೆ.

ಪೆಟ್ಟಿಗೆಗೆ ಹಾಕಿದ್ದು: ಇನ್ನೊಂದು ಯು-ಸೀಲ್, ಅದರ ಓ-ರಿಂಗ್, ನಳಿಗೆ ಬಾಯಿಯ ಓ-ರಿಂಗ್, ಸಿಲಿಕೋನ್ ಗ್ರೀಸಿನ ಸಣ್ಣ ಡಬ್ಬಿ, ಸಿಲಿಕಾ ಜೆಲ್ ಪೊಟ್ಟಣ, ಬನಿಯನ್ ಬಟ್ಟೆ, ಲಿವರ್ ಪಿನ್ ತೆಗೆಯುವ ಹಿತ್ತಾಳೆ ಕಡ್ಡಿ. ಕೈ ಬೆಚ್ಚಗಿಟ್ಟುಕೊಳ್ಳೋಕೆ ಉಣ್ಣೆ ಗವಸು ಅವಳಮ್ಮ ಬೇರೆ ತುಂಬಿದ್ದಾಳೆ. ಹೊಡೆಯುವಾಗಲ್ಲ, ಸರದಿ ಕಾಯುವಾಗ ಹಾಕಿಕೋ ಅಂದೆ. ಇನ್ನು ಹಿಡಿಕೆಯ ಮರ ಅವಳ ಕೈಗೆ ಸ್ವಲ್ಪ ದೊಡ್ಡದು, ಅದನ್ನು ಉಜ್ಜುವ ಕೆಲಸ ಬಾಕಿ. ಮ್ಯಾಚ್ ಮುಗಿಯುವ ತನಕ ಅದನ್ನು ಮುಟ್ಟುವುದಿಲ್ಲ. ಟೊಮೆಟೊ ಮಾತ್ರ ವಾಪಸ್ ಟ್ರೇಗೆ ಹೋಗಿದೆ.